ಪುಸ್ತಕ ಮುಚ್ಚಿ ಓದುವುದು: ನರ್ಸಿಂಗ್ ಪರೀಕ್ಷೆಗಳ ಸಿದ್ಧತೆ ಮತ್ತು ನಮ್ಮ ಬೋಧನಾಭ್ಯಾಸ

ಬೋಧನಾಭ್ಯಾಸಕ್ಕೆಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಪ್ರೌಢಶಾಲೆಗಳಿಗೆ ಹೋದಾಗ ಹತ್ತನೆಯ ತರಗತಿಯಲ್ಲಿ 'ಮುಂದೆ ಏನಾಗ್ತೀರಿ?' ಎಂದು ಕೇಳಿ ನೋಡಿ. 'ನರ್ಸ್ ಆಗ್ತೀನ್ರಿ ಮೇಡಂ' ಎನ್ನುವ ಒಂದೆರಡು ದನಿಗಳಾದರೂ ಕೇಳಿಬರುತ್ತವೆ. ನಾವು 'ಒಳ್ಳೇದು, ಚೆನ್ನಾಗಿ ಓದು' ಎಂದು ಹೇಳಿ ಪಾಠಕ್ಕೆ ಹೊರಳುತ್ತೇವೆ. ಚೆನ್ನಾಗಿ ಓದುವುದೆಂದರೆ ಏನು, ಅದನ್ನು ಹೇಗೆ ಮಾಡಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳದೆ ಬಿಟ್ಟ ಆ ಮಾತೇ ಈ ಲೇಖನದ ವಿಷಯ.

ನರ್ಸಿಂಗ್ ಪರೀಕ್ಷೆಯ ಸಿದ್ಧತೆಗೂ ಬಿ.ಇಡಿ. ಪ್ರಶಿಕ್ಷಣಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ನೇರವಾಗಿಯೇ ಇದೆ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾಕ್ಕೆ ಸೇರಲು ಪಿಯುಸಿಯಲ್ಲಿ ವಿಜ್ಞಾನವನ್ನೇ ಓದಿರಬೇಕೆಂಬ ಕಡ್ಡಾಯವಿಲ್ಲ. ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದವರೂ ಸೇರಬಹುದು. ಎರಡು ವರ್ಷದ ಎಎನ್‌ಎಂ ತರಬೇತಿಗೂ ಹಾಗೆಯೇ. ಇಂಥ ಒಬ್ಬ ವಿದ್ಯಾರ್ಥಿನಿ ವಿಜ್ಞಾನ ಮತ್ತು ಗಣಿತವನ್ನು ಕೊನೆಯ ಬಾರಿ ಕಲಿತದ್ದು ಹತ್ತನೆಯ ತರಗತಿಯಲ್ಲಿ. ಅಂದರೆ ಹೃದಯದ ನಾಲ್ಕು ಕೋಣೆಗಳನ್ನು, ಅನುಪಾತದ ಲೆಕ್ಕವನ್ನು ಆಕೆಗೆ ಕೊನೆಯದಾಗಿ ಕಲಿಸಿದವರು ಪ್ರೌಢಶಾಲೆಯ ಶಿಕ್ಷಕರು. ಆ ಕಲಿಕೆಯ ಮೇಲೆಯೇ ಆಕೆ ಮುಂದೆ ಅಂಗರಚನಾಶಾಸ್ತ್ರವನ್ನೂ ಔಷಧದ ಲೆಕ್ಕವನ್ನೂ ಕಟ್ಟಿಕೊಳ್ಳಬೇಕು. ನಾವು ವಿಷಯವನ್ನು ಮಾತ್ರ ಕಲಿಸಿ, ಓದುವ ಕ್ರಮವನ್ನು ಕಲಿಸದೆ ಬಿಟ್ಟರೆ ಅದರ ಬೆಲೆಯನ್ನು ಆಕೆ ಹಾಸ್ಟೆಲ್ಲಿನಲ್ಲಿ ಒಬ್ಬಳೇ ತೆರುತ್ತಾಳೆ.

ದಾರಿಯಲ್ಲಿರುವ ಪರೀಕ್ಷೆಗಳು

ಮೊದಲು ಈ ದಾರಿಯನ್ನು ಸ್ಥೂಲವಾಗಿ ತಿಳಿದುಕೊಳ್ಳೋಣ. ಜಿಎನ್‌ಎಂ ವಿದ್ಯಾರ್ಥಿಗಳಿಗೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಪರೀಕ್ಷೆ ನಡೆಸುತ್ತದೆ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದುವವರಿಗೆ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆ. ಬರಹ ಮತ್ತು ಪ್ರಾಯೋಗಿಕ ಎರಡರಲ್ಲೂ ಪ್ರತ್ಯೇಕವಾಗಿ ಶೇ. 50 ಅಂಕ ಪಡೆದರೆ ತೇರ್ಗಡೆ. ಎಸ್ಸೆಸ್ಸೆಲ್ಸಿಯ ತೇರ್ಗಡೆ ಅಂಕಕ್ಕೆ ಒಗ್ಗಿಕೊಂಡ ಮಗುವಿಗೆ ಇದು ಎತ್ತರದ ಮೆಟ್ಟಿಲು. ಕೋರ್ಸು ಮುಗಿದ ಮೇಲೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿ ಇಲ್ಲದೆ ವೃತ್ತಿ ಮಾಡುವಂತಿಲ್ಲ.

ನಂತರ ಬರುವುದು ನೇಮಕಾತಿ ಪರೀಕ್ಷೆಗಳು. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಅಧಿಕಾರಿ ಹುದ್ದೆಗಳಿಗಾಗಿ ನಡೆಯುವ 'ನಾರ್ಸೆಟ್' 2020ರಲ್ಲಿ ಶುರುವಾಯಿತು. ಬಿ.ಎಸ್ಸಿ. ಪದವೀಧರರೂ, 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ಜಿಎನ್‌ಎಂ ಪಡೆದವರೂ ಇದನ್ನು ಬರೆಯಬಹುದು. ಇತ್ತೀಚಿನ ಪ್ರಕಟಣೆಗಳಂತೆ ಪೂರ್ವಭಾವಿ ಹಂತದಲ್ಲಿ 90 ನಿಮಿಷಕ್ಕೆ 100 ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ. ಒಂದು ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುತ್ತಾರೆ.

ನಮ್ಮ ಭಾಗದ ಮಕ್ಕಳಿಗೆ ಒಂದು ಬಾಗಿಲು ಈಗಾಗಲೇ ತೆರೆದಿದೆ. 2012ರ ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಇಲ್ಲಿಯವರಿಗೇ ಮೀಸಲು. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಸೀಟು ಕೊಡಿಸುವ ಕೆಲಸವನ್ನು ಕಾನೂನು ಮಾಡಿದೆ. ಆ ಸೀಟಿನಲ್ಲಿ ಕೂತವಳು ಮೊದಲ ವರ್ಷದಲ್ಲೇ ಹಿಂದೆ ಬೀಳದಂತೆ ಮಾಡುವ ಕೆಲಸ ಶಿಕ್ಷಕರದು.

ಎಡವುವ ಮೂರು ಕಡೆ

ಮೊದಲನೆಯದು ಭಾಷೆ. ಈ ತಾಲೂಕುಗಳ ಮಗು ಮನೆಯಲ್ಲಿ ಕಲಬುರಗಿ ಕನ್ನಡ, ಉರ್ದು, ಲಂಬಾಣಿ ಅಥವಾ ಗಡಿಯ ತೆಲುಗು ಮಾತಾಡುತ್ತದೆ. ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿಯುತ್ತದೆ. ನರ್ಸಿಂಗ್ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷ್. 'ಅಪಧಮನಿ' ಎಂದು ಕಲಿತದ್ದು 'ಆರ್ಟರಿ' ಆಗುತ್ತದೆ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದಂತೆ ಕಾಣುತ್ತದೆ.

ಎರಡನೆಯದು ಓದುವ ರೀತಿ. ಅರ್ಥವಾಗದ ಪಠ್ಯ ಎದುರಾದಾಗ ವಿದ್ಯಾರ್ಥಿಗಳು ಅದನ್ನೇ ನಾಲ್ಕೈದು ಸಲ ಓದುತ್ತಾರೆ, ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತಾರೆ, ಗೈಡಿನ ಉತ್ತರವನ್ನು ಬಾಯಿಪಾಠ ಮಾಡುತ್ತಾರೆ. ಸಲಸಲಕ್ಕೂ ಸಾಲುಗಳು ಪರಿಚಿತವಾಗುತ್ತವೆ. ಆ ಪರಿಚಯವನ್ನೇ ಕಲಿಕೆ ಎಂದುಕೊಳ್ಳುತ್ತಾರೆ.

ಮೂರನೆಯದು ಲೆಕ್ಕ. ಔಷಧದ ಪ್ರಮಾಣ, ಡ್ರಿಪ್ಪಿನ ವೇಗ, ದ್ರಾವಣದ ಶೇಕಡಾ ಪ್ರಮಾಣ, ಇವೆಲ್ಲ ಎಂಟನೆಯ ತರಗತಿಯ ನೇರ ಅನುಪಾತದ ಲೆಕ್ಕಗಳೇ. ಆದರೆ ಪಿಯುಸಿಯಲ್ಲಿ ಗಣಿತವನ್ನು ಬಿಟ್ಟವಳಿಗೆ ಅವು ಎದೆ ನಡುಗಿಸುತ್ತವೆ.

ಈ ಮೂರಕ್ಕೂ ಪರಿಹಾರದ ಬುಡ ಒಂದೇ ಎಂಬುದು ನನ್ನ ವಾದ: ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವುದು, ಹೊರತೆಗೆದದ್ದನ್ನು ಪುಸ್ತಕ ತೆರೆದು ತಿದ್ದಿಕೊಳ್ಳುವುದು. ಉಳಿದ ತಂತ್ರಗಳೆಲ್ಲ ಇದರ ಸುತ್ತ ಬರುತ್ತವೆ.

ಮುಚ್ಚಿದ ಪುಸ್ತಕದ ಬಲ

ಒಮ್ಮೆ ಪಾಠ ವೀಕ್ಷಣೆಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪ್ರಶಿಕ್ಷಣಾರ್ಥಿ ಹೃದಯದ ರಚನೆಯನ್ನು ಅಚ್ಚುಕಟ್ಟಾಗಿ ಬೋಧಿಸಿದರು. ಚಾರ್ಟ್ ಚೆನ್ನಾಗಿತ್ತು, ಕಪ್ಪುಹಲಗೆಯ ಕೆಲಸವೂ ಚೆನ್ನಾಗಿತ್ತು. ಕೊನೆಗೆ 'ಅರ್ಥ ಆಯ್ತಾ?' ಎಂದರು. 'ಹೂಂ ರೀ' ಎಂದು ಇಡೀ ತರಗತಿ ಹೇಳಿತು. ನಾನು ಅನುಮತಿ ಕೇಳಿ, ಚಾರ್ಟ್ ಸುತ್ತಿಟ್ಟು, ಮಕ್ಕಳಿಗೆ ಖಾಲಿ ಹಾಳೆ ಕೊಟ್ಟು 'ಕಾಲಿನಿಂದ ಬಂದ ರಕ್ತ ಮತ್ತೆ ಕಾಲಿಗೆ ಹೋಗುವ ದಾರಿಯನ್ನು ಬರೆಯಿರಿ' ಎಂದೆ. ಬಹಳ ಹಾಳೆಗಳು ಮೊದಲ ಕೋಣೆಯಲ್ಲೇ ನಿಂತವು. ಪಾಠ ಕೆಟ್ಟಿರಲಿಲ್ಲ. ಮಕ್ಕಳು ಸುಳ್ಳೂ ಹೇಳಿರಲಿಲ್ಲ. ಚಾರ್ಟ್ ಕಣ್ಣೆದುರಿಗೆ ಇರುವಾಗ ಎಲ್ಲವೂ ಗೊತ್ತಿದ್ದಂತೆಯೇ ಅನ್ನಿಸುತ್ತದೆ. ಅದು ಗುರುತಿಸುವಿಕೆ. ಪರೀಕ್ಷೆಯೂ ಆಸ್ಪತ್ರೆಯ ವಾರ್ಡೂ ಕೇಳುವುದು ಸ್ಮರಣೆಯನ್ನು.

ಈ ವ್ಯತ್ಯಾಸವನ್ನು ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಳೆದು ತೋರಿಸಿದರು. ಒಂದು ಸಂದರ್ಭದಲ್ಲಿ ವಿದ್ಯಾರ್ಥಿಗಳು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದರಲ್ಲಿ ಒಮ್ಮೆ ಓದಿ, ನಂತರ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲು: ಶೇ. 81, ಬರೆದದ್ದಕ್ಕೆ ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿತು: ಮತ್ತೆ ಓದಿದ್ದಕ್ಕೆ ಶೇ. 42, ನೆನಪಿನಿಂದ ಬರೆದದ್ದಕ್ಕೆ ಶೇ. 56. ನಾಳೆಯ ಕಿರುಪರೀಕ್ಷೆಗೆ ಮರು ಓದು ಸಾಕೆನಿಸುವುದು ಏಕೆ, ವರ್ಷದ ಪರೀಕ್ಷೆಯಲ್ಲಿ ಅದೇ ಕೈಕೊಡುವುದು ಏಕೆ ಎಂಬುದು ಇದರಿಂದ ತಿಳಿಯುತ್ತದೆ. 2013ರಲ್ಲಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಹತ್ತು ಅಧ್ಯಯನ ತಂತ್ರಗಳನ್ನು ಪರಿಶೀಲಿಸಿದಾಗ ಹೆಚ್ಚು ಉಪಯುಕ್ತ ಎಂದು ಗುರುತಿಸಿದ್ದು ಎರಡನ್ನು ಮಾತ್ರ: ಸ್ವಯಂ ಪರೀಕ್ಷೆ ಮತ್ತು ಅಂತರ ಬಿಟ್ಟು ಮಾಡುವ ಅಭ್ಯಾಸ. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕಡಿಮೆ ಉಪಯೋಗದ ಸಾಲಿನಲ್ಲಿ ಬಂದವು.

ಮಾಡುವ ಕ್ರಮ ಸರಳ. ಒಂದು ಭಾಗವನ್ನು ಗಮನವಿಟ್ಟು ಓದಿ ಅರ್ಥ ಮಾಡಿಕೊಳ್ಳುವುದು. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ನೆನಪಿದ್ದದ್ದನ್ನೆಲ್ಲ ಬರೆಯುವುದು. ಪುಸ್ತಕ ತೆರೆದು ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಕೆಂಪು ಪೆನ್ನಿನಿಂದ ಸೇರಿಸುವುದು. ಕೆಂಪು ಎಲ್ಲಿ ಹೆಚ್ಚಿದೆಯೋ ಆ ಭಾಗವನ್ನು ಮಾತ್ರ ಮತ್ತೆ ಓದುವುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆಂಪು ಪೆನ್ನಿನ ಹಂತವನ್ನು ಬಿಟ್ಟರೆ ತಪ್ಪು ಉತ್ತರವೇ ಗಟ್ಟಿಯಾಗುವ ಅಪಾಯವಿದೆ. ಅರ್ಥವಾಗದ್ದನ್ನು ಹೀಗೆ ಬರೆಯಲು ಹೋದರೆ ಅದು ಬಾಯಿಪಾಠವೇ ಆಗುತ್ತದೆ. ಆದ್ದರಿಂದ ಬರೆದ ಪ್ರತಿಯೊಂದಕ್ಕೂ 'ಏಕೆ' ಎಂದು ಕೇಳಿಕೊಳ್ಳಬೇಕು. ಅಪಧಮನಿಗಳು ಆಮ್ಲಜನಕಯುಕ್ತ ರಕ್ತವನ್ನು ಒಯ್ಯುತ್ತವೆ ಎಂದು ಬರೆದವಳು, ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಮಾತ್ರ ಏಕೆ ಹಾಗಲ್ಲ ಎಂದು ಕೇಳಿಕೊಂಡರೆ, ಹೃದಯದಿಂದ ಹೊರಗೆ ಒಯ್ಯುವುದೇ ಅಪಧಮನಿಯ ಲಕ್ಷಣ ಎಂಬುದು ಆಕೆಗೆ ತಾನಾಗಿ ತಿಳಿಯುತ್ತದೆ.

ಅಂತರ ಬಿಟ್ಟು ಓದುವುದು

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ಮರೆವಿನ ವಕ್ರರೇಖೆಯನ್ನು ದಾಖಲಿಸಿದ. ನಮ್ಮ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಅದನ್ನು ಚಿತ್ರ ಸಹಿತ ಬರೆದು ಅಂಕ ಪಡೆಯುತ್ತೇವೆ. ಪಾಠದಲ್ಲಿ ಬಳಸುವುದು ಅಪರೂಪ. ಕಲಿತ ಮೊದಲ ದಿನಗಳಲ್ಲೇ ಮರೆವು ಹೆಚ್ಚು ಎಂಬುದು ಆ ರೇಖೆ ಹೇಳುವ ಮಾತು. ಆದ್ದರಿಂದ ಒಂದೇ ದಿನ ಆರು ಗಂಟೆ ಓದುವುದಕ್ಕಿಂತ ಆ ಆರು ಗಂಟೆಗಳನ್ನು ವಾರಗಳ ಮೇಲೆ ಹಂಚುವುದು ಮೇಲು. ಕಲಿತ ಮರುದಿನ, ಮೂರನೆಯ ದಿನ, ಒಂದು ವಾರಕ್ಕೆ, ಮೂರು ವಾರಕ್ಕೆ ಎಂಬ ಕ್ರಮ ವಿದ್ಯಾರ್ಥಿಗೆ ನೆನಪಿಡಲು ಸುಲಭ. ಪರೀಕ್ಷೆ ದೂರವಿದ್ದಷ್ಟೂ ಅಂತರ ದೊಡ್ಡದಾಗಿರಬಹುದು. ಪ್ರತಿ ಸಲವೂ ಮೊದಲು ನೆನಪಿಸಿಕೊಳ್ಳಬೇಕು, ಪುಸ್ತಕ ತೆರೆಯುವುದು ಆಮೇಲೆ.

ಇದಕ್ಕೆ ಕಾಸು ಖರ್ಚಿಲ್ಲದ ಸಾಧನವೊಂದಿದೆ. ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಖಾಲಿ ಬದಿಯಲ್ಲಿ ಪ್ರಶ್ನೆ ಬರೆದು, ಅಚ್ಚಾದ ಬದಿಗೆ ಬಿಳಿ ಹಾಳೆ ಅಂಟಿಸಿ ಉತ್ತರ ಬರೆದರೆ ಕಾರ್ಡು ಸಿದ್ಧ. ಮೂರು ಲಕೋಟೆ ಮಾಡಿಕೊಳ್ಳಬೇಕು. ಮೊದಲನೆಯದು ದಿನಾಲೂ ನೋಡುವುದಕ್ಕೆ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿಯಾಗಿ ಹೇಳಿದ ಕಾರ್ಡು ಮುಂದಿನ ಲಕೋಟೆಗೆ ಹೋಗುತ್ತದೆ, ತಪ್ಪಿದ್ದು ಮೊದಲನೆಯದಕ್ಕೆ ಮರಳುತ್ತದೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕ 1972ರಲ್ಲಿ ಪ್ರಚುರಪಡಿಸಿದ ಪೆಟ್ಟಿಗೆ ಪದ್ಧತಿಯ ಸರಳ ರೂಪವಿದು. ಲಸಿಕಾ ವೇಳಾಪಟ್ಟಿ, ನವಜಾತ ಶಿಶುವಿಗೆ 1ನೆಯ ಮತ್ತು 5ನೆಯ ನಿಮಿಷದಲ್ಲಿ ನೋಡುವ ಆಪ್ಗಾರ್ ಅಂಕಗಳ ಐದು ಅಂಶಗಳು, 3ರಿಂದ 15ರವರೆಗಿನ ಗ್ಲಾಸ್ಗೋ ಕೋಮಾ ಮಾಪನ, ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂಬ ನಿಯಮ, ಇಂಥವಕ್ಕೆ ಕಾರ್ಡು ಹೇಳಿ ಮಾಡಿಸಿದಂತಿದೆ.

ಸಮಯ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ನಮ್ಮ ಪ್ರಯಾಣದಲ್ಲಿದೆ. ಸೇಡಂನಿಂದ ಕಲಬುರಗಿಗೆ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿನಿ ಮಳಖೇಡ ರೋಡ್, ಚಿತ್ತಾಪುರ, ವಾಡಿ, ಶಹಾಬಾದ್ ದಾಟಿ ಹೋಗುತ್ತಾಳೆ. ಚಿತ್ತಾಪುರದವರೆಗೆ ನಿನ್ನೆಯ ಪಾಠವನ್ನು ಪುಸ್ತಕ ತೆರೆಯದೆ ಮನಸ್ಸಿನಲ್ಲಿ ಹೇಳಿಕೊಳ್ಳುವುದು, ವಾಡಿಯವರೆಗೆ ಕಾರ್ಡು, ಆಮೇಲೆ ತಪ್ಪಿದ್ದನ್ನು ಮಾತ್ರ ಪುಸ್ತಕದಲ್ಲಿ ನೋಡುವುದು ಎಂದು ಗೊತ್ತು ಮಾಡಿಕೊಂಡರೆ ದಿನಕ್ಕೊಂದು ಪುನರಾವರ್ತನೆ ತಾನಾಗಿ ಆಗುತ್ತದೆ. ರೈಲಿಲ್ಲದ ಚಿಂಚೋಳಿಯ ಕಡೆಯವರು ಬಸ್ಸಿನಲ್ಲಿ ಓದಲು ತ್ರಾಸಾದರೆ ಗೆಳತಿಯರಿಬ್ಬರು ಪಕ್ಕದಲ್ಲಿ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಬಹುದು. ಅದಕ್ಕೆ ಪುಸ್ತಕವೇ ಬೇಡ.

ವಾರ್ಡ್ ಡ್ಯೂಟಿಯೂ ಇಂಥದೇ ಅವಕಾಶ. ಡ್ಯೂಟಿ ಮುಗಿದ ಮೇಲೆ ಹತ್ತು ನಿಮಿಷ ಕುಳಿತು 'ಇವತ್ತು ನೋಡಿದ ಒಂದು ಪ್ರಕರಣ, ಅದರ ಲಕ್ಷಣ, ಮಾಡಿದ ಶುಶ್ರೂಷೆ, ಅದರ ಕಾರಣ' ಎಂದು ನೆನಪಿನಿಂದ ಬರೆದರೆ ಪುಸ್ತಕದ ಅಧ್ಯಾಯ ಮನುಷ್ಯನ ರೂಪದಲ್ಲಿ ನೆನಪಿರುತ್ತದೆ. ರೋಗಿಯ ಹೆಸರನ್ನು ಮಾತ್ರ ಎಂದೂ ಬರೆಯಬಾರದು. ರಾತ್ರಿ ಪಾಳಿಯ ಮರುದಿನ ನಿದ್ದೆಗೆಟ್ಟು ಓದುವುದರಿಂದ ಲಾಭವಿಲ್ಲ. ಕಲಿತದ್ದು ಗಟ್ಟಿಯಾಗಲು ನಿದ್ದೆಯೂ ಬೇಕು.

ಎರಡು ಭಾಷೆಗಳ ನಡುವೆ

ಇಂಗ್ಲಿಷ್ ಪಠ್ಯ ಬಂದೊಡನೆ ಕನ್ನಡವನ್ನು ಮರೆತುಬಿಡಬೇಕೆಂದು ಕೆಲವರು ಸಲಹೆ ಕೊಡುತ್ತಾರೆ. ಇದು ತಪ್ಪು. ಅರ್ಥ ಮಾಡಿಕೊಳ್ಳುವ ಕೆಲಸವನ್ನು ತನಗೆ ಬಲವಿರುವ ಭಾಷೆಯಲ್ಲಿ ಮಾಡಬೇಕು, ನೆನಪಿಸಿಕೊಂಡು ಬರೆಯುವ ಕೆಲಸವನ್ನು ಪರೀಕ್ಷೆಯ ಭಾಷೆಯಲ್ಲಿ. ಮೊದಲು ಗೆಳತಿಗೆ ಕನ್ನಡದಲ್ಲಿ ವಿವರಿಸಿ ಹೇಳುವುದು, ನಂತರ ಅದನ್ನೇ ಐದು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಪುಸ್ತಕ ನೋಡದೆ ಬರೆಯುವುದು. ಮೊದಮೊದಲು ವಾಕ್ಯಗಳು ಸೊಟ್ಟಗಿರುತ್ತವೆ. ಕೆಂಪು ಪೆನ್ನು ಇರುವುದೇ ಅದಕ್ಕೆ.

ವೈದ್ಯಕೀಯ ಪದಗಳನ್ನು ಇಡಿಯಾಗಿ ನುಂಗದೆ ಬಿಡಿಸಬೇಕು. ಸಂಧಿ ಬಿಡಿಸಿ ಕಲಿತ ಕನ್ನಡ ಮಾಧ್ಯಮದ ಮಗುವಿಗೆ ಇದು ಹೊಸ ಕೆಲಸವಲ್ಲ. 'ಕಾರ್ಡಿಯಾ' ಹೃದಯಕ್ಕೆ ಸಂಬಂಧಿಸಿದ್ದು. 'ಟ್ಯಾಕಿ' ಎಂದರೆ ವೇಗ, 'ಬ್ರಾಡಿ' ಎಂದರೆ ನಿಧಾನ. ಹಾಗಾಗಿ ಟ್ಯಾಕಿಕಾರ್ಡಿಯಾ, ಬ್ರಾಡಿಕಾರ್ಡಿಯಾ ಎರಡೂ ತಿಳಿದವು. 'ಐಟಿಸ್' ಎಂದು ಮುಗಿದರೆ ಉರಿಯೂತ, 'ಎಕ್ಟಮಿ' ಎಂದರೆ ಕತ್ತರಿಸಿ ತೆಗೆಯುವುದು. 'ಹೈಪರ್' ಹೆಚ್ಚು, 'ಹೈಪೊ' ಕಡಿಮೆ. ಈ ಕೊನೆಯ ಜೋಡಿಯನ್ನು ಹತ್ತು ಸಲವಾದರೂ ಹೇಳಿಸಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಾದವರಿಗೆ ಇನ್ಸುಲಿನ್ ಬೇಕಾಗಬಹುದು, ಕಡಿಮೆಯಾದವರಿಗೆ ಬೇಕಾದದ್ದು ಸಕ್ಕರೆ. ಒಂದು ಅಕ್ಷರದ ಗೊಂದಲ ಪರೀಕ್ಷೆಯಲ್ಲಿ ಒಂದು ಅಂಕ ಕಳೆದರೆ ವಾರ್ಡಿನಲ್ಲಿ ಜೀವ ಕಳೆಯಬಹುದು.

ಇನ್ನೊಂದು ದಿಕ್ಕಿನ ಅನುವಾದವೂ ಬೇಕು. ಚಿಂಚೋಳಿಯ ತಾಂಡಾದಿಂದ ಬಂದ ಅಜ್ಜಿ 'ಡಿಸ್ಪ್ನಿಯಾ' ಎನ್ನುವುದಿಲ್ಲ, 'ದಮ್ಮು ಹತ್ತ್ಯಾದ' ಎನ್ನುತ್ತಾಳೆ. ಇನ್ನೊಬ್ಬರು 'ಚಕ್ಕರ್ ಬರ್ಲತ್ತದ' ಎನ್ನುತ್ತಾರೆ. ಪರೀಕ್ಷೆಯ ಪದ, ಪುಸ್ತಕದ ಕನ್ನಡ, ಜನರ ಮಾತು ಎಂಬ ಮೂರು ಕಂಬಸಾಲಿನ ಪದಪಟ್ಟಿಯನ್ನು ವಿದ್ಯಾರ್ಥಿನಿಯೇ ಬೆಳೆಸಿಕೊಂಡು ಹೋದರೆ, ನಮ್ಮ ಭಾಗದ ಭಾಷೆಗಳು ಆಕೆಗೆ ತೊಡಕಾಗುವ ಬದಲು ಬಲವಾಗುತ್ತವೆ.

ಲೆಕ್ಕದ ಭಯ

ಎರಡು ಲೆಕ್ಕ ನೋಡೋಣ. ಇವು ಗಣಿತದ ಉದಾಹರಣೆಗಳು ಮಾತ್ರ. ಔಷಧ ಕೊಡುವುದು ವೈದ್ಯರ ಸೂಚನೆಯಂತೆಯೇ. 12 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಕೊಡಲು ಬರೆದಿದ್ದಾರೆ. ಬೇಕಾದದ್ದು 180 ಮಿಲಿಗ್ರಾಂ. ಬಾಟಲಿಯ ಮೇಲೆ '5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ' ಎಂದಿದ್ದರೆ 180ನ್ನು 125ರಿಂದ ಭಾಗಿಸಿ 5ರಿಂದ ಗುಣಿಸಬೇಕು, 7.2 ಮಿಲಿಲೀಟರ್ ಬರುತ್ತದೆ. ಪಕ್ಕದಲ್ಲೇ '5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ' ಇರುವ ಬಾಟಲಿಯೂ ಇರುತ್ತದೆ. ಅದರಿಂದಾದರೆ 3.6 ಮಿಲಿಲೀಟರ್. ಉತ್ತರವನ್ನು ಬಾಯಿಪಾಠ ಮಾಡಿದವಳು ಎರಡನೆಯ ಬಾಟಲಿಯಿಂದ 7.2 ಮಿಲಿಲೀಟರ್ ಕೊಟ್ಟರೆ ಮಗುವಿಗೆ ಎರಡು ಪಟ್ಟು ಔಷಧ ಹೋಗುತ್ತದೆ.

ಎರಡನೆಯದು ಡ್ರಿಪ್ಪಿನದು. 500 ಮಿಲಿಲೀಟರ್ ದ್ರವ 4 ಗಂಟೆಯಲ್ಲಿ ಹೋಗಬೇಕು. ಡ್ರಿಪ್ ಸೆಟ್ಟಿನಲ್ಲಿ 1 ಮಿಲಿಲೀಟರಿಗೆ 20 ಹನಿ. ಒಟ್ಟು 10,000 ಹನಿಗಳನ್ನು 240 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಸುಮಾರು 42 ಹನಿ. ಗಂಟೆಯನ್ನು ನಿಮಿಷಕ್ಕೆ ಬದಲಿಸುವುದನ್ನು ಮರೆತರೆ ನಿಮಿಷಕ್ಕೆ 2,500 ಹನಿ ಎಂದು ಬರುತ್ತದೆ. ಸೂತ್ರವನ್ನಷ್ಟೇ ನಂಬಿದವಳು ಅದನ್ನೂ ಬರೆದು ಬರುತ್ತಾಳೆ. 'ಇದು ಆಗುವ ಮಾತೇ?' ಎಂದು ಒಮ್ಮೆ ಕೇಳಿಕೊಂಡವಳು ತಪ್ಪನ್ನು ತಾನೇ ಹಿಡಿಯುತ್ತಾಳೆ. ಆದ್ದರಿಂದ ಲೆಕ್ಕ ಮಾಡುವ ಮೊದಲು ಅಂದಾಜು ಹೇಳಿಸುವುದು, ಪ್ರತಿ ಹಂತದಲ್ಲೂ ಏಕಮಾನ ಬರೆಸುವುದು ನಮ್ಮ ಎಂಟನೆಯ ತರಗತಿಯಲ್ಲೇ ಶುರುವಾಗಬೇಕು.

ಅಭ್ಯಾಸದ ಲೆಕ್ಕಗಳನ್ನು ಬೆರೆಸಿ ಕೊಡುವುದೂ ಮುಖ್ಯ. ಹತ್ತು ಡ್ರಿಪ್ ಲೆಕ್ಕಗಳನ್ನು ಸಾಲಾಗಿ ಮಾಡಿದವಳಿಗೆ ಯಾವ ಸೂತ್ರ ಎಂದು ಯೋಚಿಸುವ ಕೆಲಸವೇ ಇರುವುದಿಲ್ಲ. ಡ್ರಿಪ್, ಸಿರಪ್, ಶೇಕಡಾ ದ್ರಾವಣ, ಹೆರಿಗೆಯ ದಿನಾಂಕ, ಹೀಗೆ ಬೆರೆಸಿ ಕೊಟ್ಟರೆ ನಿಧಾನವಾಗುತ್ತದೆ, ತಪ್ಪೂ ಹೆಚ್ಚುತ್ತದೆ. ಆದರೆ ಪರೀಕ್ಷೆಯಲ್ಲಿ ಪ್ರಶ್ನೆಗಳು ಬರುವುದು ಬೆರೆತೇ.

ಬಹು ಆಯ್ಕೆಯ ಪ್ರಶ್ನೆಗಳು

ನೇಮಕಾತಿ ಪರೀಕ್ಷೆಗಳಲ್ಲಿ ನೇರ ಮಾಹಿತಿಯ ಜೊತೆಗೆ 'ನರ್ಸ್ ಮೊದಲು ಏನು ಮಾಡಬೇಕು?' ಎಂಬಂಥ ಪ್ರಶ್ನೆಗಳಿರುತ್ತವೆ. ಉದಾಹರಣೆಗೆ, ಎಚ್ಚರವಾಗಿರುವ ಮಧುಮೇಹಿ ರೋಗಿ ಬೆವರುತ್ತಿದ್ದಾನೆ, ಕೈ ನಡುಗುತ್ತಿದೆ. ಇನ್ಸುಲಿನ್ ಕೊಡುವುದೋ, ರಕ್ತದ ಸಕ್ಕರೆ ಪರೀಕ್ಷಿಸುವುದೋ, ವೈದ್ಯರಿಗೆ ತಿಳಿಸುವುದೋ, ದಾಖಲೆಯಲ್ಲಿ ಬರೆಯುವುದೋ? ಮೊದಲು ಪರೀಕ್ಷಿಸಬೇಕು. ಉಳಿದ ಮೂರರಲ್ಲಿ ಎರಡು ಆಮೇಲೆ ಮಾಡಬೇಕಾದವು, ಒಂದು ಅಪಾಯಕಾರಿ. ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ ಎಂಬ ಆದ್ಯತೆಯ ಕ್ರಮ, ಮತ್ತು ಮೊದಲು ರೋಗಿಯ ಸ್ಥಿತಿ ಅರಿತು ನಂತರ ಕ್ರಿಯೆಗೆ ಇಳಿಯುವ ಶುಶ್ರೂಷಾ ಪ್ರಕ್ರಿಯೆ, ಇವೆರಡು ಇಂಥ ಪ್ರಶ್ನೆಗಳ ಕೀಲಿಕೈ. ಅಭ್ಯಾಸ ಮಾಡುವಾಗ ಸರಿ ಉತ್ತರ ಗುರುತಿಸಿ ಮುಂದೆ ಹೋಗಬಾರದು. ಉಳಿದ ಮೂರು ಏಕೆ ತಪ್ಪು ಎಂದು ಹೇಳಿಸಬೇಕು. ಆಗ ಒಂದು ಪ್ರಶ್ನೆ ನಾಲ್ಕು ಪಾಠ ಕಲಿಸುತ್ತದೆ.

ಅಂಕ ಕಡಿತದ ಲೆಕ್ಕವನ್ನೂ ತಿಳಿಸಬೇಕು. ನಾಲ್ಕು ಆಯ್ಕೆಗಳಿರುವ 12 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರಿಸಿದರೆ ಸರಾಸರಿ 3 ಸರಿ, 9 ತಪ್ಪು. ಬಂದದ್ದು 3 ಅಂಕ, ಹೋದದ್ದು 3 ಅಂಕ. ಏನೂ ಉಳಿಯಲಿಲ್ಲ. ಪ್ರತಿ ಪ್ರಶ್ನೆಯಲ್ಲೂ ಒಂದು ಆಯ್ಕೆ ಖಂಡಿತ ತಪ್ಪು ಎಂದು ತಿಳಿದಿದ್ದರೆ ಸರಾಸರಿ 4 ಸರಿ, 8 ತಪ್ಪು. 4ರಲ್ಲಿ 2.67 ಕಳೆದು 1.33 ಅಂಕ ಉಳಿಯುತ್ತದೆ. ಏನೂ ಗೊತ್ತಿಲ್ಲದಿದ್ದರೆ ಬಿಡುವುದು, ಒಂದನ್ನಾದರೂ ತೆಗೆದುಹಾಕಬಲ್ಲೆ ಎನಿಸಿದರೆ ಉತ್ತರಿಸುವುದು. ಇದು ಸಂಭವನೀಯತೆಯ ಪಾಠಕ್ಕೂ ಒಳ್ಳೆಯ ಉದಾಹರಣೆ.

ಪ್ರತಿ ಮಾದರಿ ಪರೀಕ್ಷೆಯ ನಂತರ ತಪ್ಪುಗಳ ವಹಿಯೊಂದನ್ನು ಇಡಿಸಬೇಕು. ಅದರಲ್ಲಿ ತಪ್ಪಿನ ಕಾರಣವನ್ನು ಬರೆಯಬೇಕು: ಗೊತ್ತಿರಲಿಲ್ಲವೋ, ಮರೆತೆನೋ, ಪ್ರಶ್ನೆಯನ್ನು ತಪ್ಪಾಗಿ ಓದಿದೆನೋ, ಇಂಗ್ಲಿಷ್ ಪದ ತಿಳಿಯಲಿಲ್ಲವೋ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಇದನ್ನೇ ನಾವು ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ ಎನ್ನುತ್ತೇವೆ. ಇಲ್ಲಿ ಅದನ್ನು ವಿದ್ಯಾರ್ಥಿನಿ ತನಗೆ ತಾನೇ ಮಾಡಿಕೊಳ್ಳುತ್ತಾಳೆ.

ನಮ್ಮ ಪಾಠಯೋಜನೆಯಲ್ಲಿ ಇದರ ಜಾಗ

ಹತ್ತನೆಯ ತರಗತಿಯ 'ಜೀವಕ್ರಿಯೆಗಳು' ಘಟಕವನ್ನೇ ತೆಗೆದುಕೊಳ್ಳೋಣ. 40 ನಿಮಿಷದ ಅವಧಿಯನ್ನು ಹೀಗೆ ಹಂಚಬಹುದು.

ಮೊದಲ 5 ನಿಮಿಷ: ಪುಸ್ತಕ, ನೋಟ್ಸು ಮುಚ್ಚಿ ಮೂರು ಪ್ರಶ್ನೆ. ಒಂದು ನಿನ್ನೆಯ ಪಾಠದ್ದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಪೀಠಿಕೆಯ ಪ್ರಶ್ನೆಗಳು ಎಂದು ನಾವು ಬರೆಯುವ ಜಾಗದಲ್ಲಿಯೇ ಇವು ಕೂಡುತ್ತವೆ. ಕೈ ಎತ್ತಿದ ಇಬ್ಬರು ಹೇಳಿದರೆ ಸಾಲದು, ಎಲ್ಲರೂ ಬರೆಯಬೇಕು.

ಮುಂದಿನ 20 ನಿಮಿಷ: ಹೊಸ ಪಾಠ. ಕನ್ನಡ ಪದದ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಕಪ್ಪುಹಲಗೆಯ ಮೇಲೆ ಬರೆಯುವುದು. ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ, ಅಭಿಧಮನಿ ಎಂಬ ನಾಲ್ಕು ಜೋಡಿ ಸಾಕು.

7 ನಿಮಿಷ: ಚಾರ್ಟ್ ಸುತ್ತಿಟ್ಟು ಖಾಲಿ ಹಾಳೆಯಲ್ಲಿ ಚಿತ್ರ ಮತ್ತು ರಕ್ತದ ದಾರಿ.

5 ನಿಮಿಷ: ಚಾರ್ಟ್ ತೆರೆದು ಮಕ್ಕಳೇ ಬೇರೆ ಬಣ್ಣದಲ್ಲಿ ತಿದ್ದಿಕೊಳ್ಳುವುದು. ಅಂಕ ಕೊಡಬಾರದು. ಅಂಕ ಬಂದೊಡನೆ ನಕಲು ಬರುತ್ತದೆ, ತಪ್ಪನ್ನು ಮುಚ್ಚಿಡುವ ಅಭ್ಯಾಸವೂ ಬರುತ್ತದೆ.

ಕೊನೆಯ 3 ನಿಮಿಷ: ಗೃಹಪಾಠವಾಗಿ ಎರಡು ಕಾರ್ಡು ಬರೆಯಲು ಹೇಳುವುದು.

ಘಟಕ ಪರೀಕ್ಷೆಯ ನೀಲನಕ್ಷೆ ಮಾಡುವಾಗಲೂ ಹಿಂದಿನ ಘಟಕಗಳಿಗೆ ಒಂದಿಷ್ಟು ಅಂಕ ಕಾದಿರಿಸಿ. ಮುಗಿದ ಪಾಠ ಮತ್ತೆ ಬರುವುದಿಲ್ಲ ಎಂಬ ನಂಬಿಕೆಯನ್ನು ಮಕ್ಕಳಲ್ಲಿ ಬೆಳೆಸಿದವರು ನಾವೇ.

ಇದನ್ನು ಮಾಡಿದ ಮೊದಲ ವಾರ ತರಗತಿ ಮಂಕಾಗಿ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಹಾಳೆಗಳು ಖಾಲಿ ಇರುತ್ತವೆ, ಮಕ್ಕಳು ಮುಖ ಸಣ್ಣದು ಮಾಡುತ್ತಾರೆ, ವೀಕ್ಷಕರು ಪಾಠ ಫಲಿಸಲಿಲ್ಲ ಎಂದುಕೊಳ್ಳಬಹುದು. ಮಾರ್ಗದರ್ಶಕರಾದ ನಾವು ಆ ಖಾಲಿ ಹಾಳೆಗಳಿಗೆ ಅಂಕ ಕಳೆಯಬಾರದು. ನೆನಪಿಸಿಕೊಳ್ಳಲು ತಿಣುಕುವ ಆ ಹೊತ್ತೇ ಕಲಿಕೆಯ ಹೊತ್ತು ಎಂದು ಪ್ರಶಿಕ್ಷಣಾರ್ಥಿಗಳಿಗೂ ಮಕ್ಕಳಿಗೂ ಹೇಳಬೇಕು.

ಮುಂದಿನ ಬಾರಿ ಯಾವುದಾದರೂ ಹುಡುಗಿ 'ನರ್ಸ್ ಆಗ್ತೀನ್ರಿ ಮೇಡಂ' ಎಂದರೆ 'ಚೆನ್ನಾಗಿ ಓದು' ಎಂದಷ್ಟೇ ಹೇಳಿ ಮುಂದೆ ಹೋಗಬೇಡಿ. 'ಹಂಗಾದ್ರ ಪುಸ್ತಕ ಮುಚ್ಚವ್ವಾ, ಈಗ ಕಲಿತದ್ದು ಹೇಳು ನೋಡೋಣ' ಎನ್ನಿ. ಆಕೆ ಅರ್ಧ ಹೇಳಿ ನಿಲ್ಲುತ್ತಾಳೆ. ಅಲ್ಲಿಂದ ಮುಂದಕ್ಕೆ ಕಲಿಸಿ.